ಹುಳಿ ಮಣ್ಣು, ಹುಳದ ಬಾಟಲಿ

ನನ್ನ ಮೊದಲ ನೌಕರಿ ಕಣ್ಣಿಗೆ ಕಾಣದ ಜೀವಿಗಳಿಗೆ ಊಟ ಹಾಕುವುದಾಗಿತ್ತು. ಎರಡನೇ ಮಹಾಯುದ್ಧ ಶುರುವಾಗುವ ಕೆಲವು ವರ್ಷ ಮೊದಲಿನ ಮಾತು. ಪುಣೆಯ ಒಂದು ಕೃಷಿ ಪ್ರಯೋಗಶಾಲೆಯಲ್ಲಿ ನಾನು ಹಂಗಾಮಿ ಸಹಾಯಕ. ಕಡಲಪಾಚಿಯ ಗಂಜಿ ಕಾಸಿ ಬಾಟಲಿಗೆ ಸುರಿಯುವುದು, ಅದು ಗಟ್ಟಿಯಾದ ಮೇಲೆ ಬ್ಯಾಕ್ಟೀರಿಯಾಗಳನ್ನು ಅದರ ಮೇಲೆ ಬಿಡುವುದು, ಹತ್ತಿಯ ಬಿರಡೆ ಹಾಕಿ ಅವು ಬೆಳೆಯುವುದನ್ನು ಕಾಯುವುದು, ಇಷ್ಟೇ ಕೆಲಸ. ಧಾರವಾಡದ ಕಡೆಯ ನನ್ನ ಊರಿಗೆ ಬರೆದ ಕಾಗದಗಳಲ್ಲಿ ಮಾತ್ರ ನಾನು ಸಂಶೋಧಕನಾಗಿದ್ದೆ. ‘ಹಂಗಾಮಿ’ ಎಂಬ ಶಬ್ದಕ್ಕೆ ಆ ಕಾಗದಗಳಲ್ಲಿ ಯಾಕೋ ಜಾಗವೇ ಸಾಲುತ್ತಿರಲಿಲ್ಲ.

ಇದ್ದದ್ದು ಮೌಶಿಯ ಮನೆಯಲ್ಲಿ. ಮೌಶಿ ಎಂದರೆ ನಮ್ಮವ್ವನ ತಂಗಿ. ಅವಳ ಗಂಡ ರೇಲ್ವೆ ಕಚೇರಿಯಲ್ಲಿ ಕಾರಕೂನ. ಹೊಸ್ತಿಲ ಹೊರಗೆಲ್ಲ ಮರಾಠಿ, ಒಳಗೆ ಅಪ್ಪಟ ಧಾರವಾಡ. ಒಂದು ದಿನ ಬಾಟಲಿಯೊಂದನ್ನು ಮನೆಗೆ ತಂದು ಜಂಬದಿಂದ ತೋರಿಸಿದೆ.

“ಮೌಶಿ, ಇದರಾಗ ಕೋಟಿಗಟ್ಟಲೆ ಜೀವ ಅದಾವ.”

“ಜೀವ ಅಂದ್ರ? ಹುಳಾ?”

“ಹುಳ ಅಲ್ಲ, ಹುಳಕ್ಕಿಂತ ಭಾಳ ಸಣ್ಣವು.”

“ಸಣ್ಣವಾದ್ರೂ ಹುಳಾನ ಅಲ್ಲೇನೋ. ಬಾಟ್ಲಿ ಹೊರಗ ಕಟ್ಟಿ ಮ್ಯಾಲ ಇಡು. ಜಳಕಾ ಮಾಡಿ ಒಳಗ ಬಾ.”

ಅವತ್ತಿನಿಂದ ನಾನು ದಿನಾ ಸಂಜೆ ಎರಡನೇ ಸಲ ಸ್ನಾನ ಮಾಡಿಯೇ ಅಡುಗೆಮನೆಗೆ ಹೋಗಬೇಕಾಯಿತು. ಊಟಕ್ಕೆ ಕೂತಾಗ ಸೇಡು ತೀರಿಸಿಕೊಳ್ಳುತ್ತಿದ್ದೆ. ತೊಗರಿ, ಕಡಲೆ, ಬಟಾಣಿಯಂಥ ಗಿಡಗಳ ಬೇರಿನಲ್ಲಿ ಗಂಟುಗಳಿರುತ್ತವೆ, ಆ ಗಂಟುಗಳಲ್ಲಿ ಈ ಬ್ಯಾಕ್ಟೀರಿಯಾಗಳು ಮನೆ ಮಾಡಿಕೊಂಡು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ, ಗಿಡ ಅವಕ್ಕೆ ಬದಲಿಗೆ ಸಕ್ಕರೆ ಕೊಡುತ್ತದೆ, ಬೇಳೆ ಬೆಳೆಯುವ ಹೊಲಕ್ಕೆ ಗೊಬ್ಬರ ಕಡಿಮೆ ಸಾಕಾಗುವುದು ಇದರಿಂದಲೇ ಎಂದು ವಿವರಿಸುತ್ತಿದ್ದೆ. ಮೌಶಿ ಎಲ್ಲ ಕೇಳಿಸಿಕೊಂಡು, “ಗಂಟಿನ ಮಾತು ಆಮ್ಯಾಲ ಹೇಳು, ಸಾರು ಆರಾಕತ್ತದ” ಎನ್ನುತ್ತಿದ್ದಳು. ನನ್ನ ಉಪನ್ಯಾಸಗಳಿಗೆ ಇದ್ದ ಒಬ್ಬಳೇ ಶ್ರೋತೃ ಅವಳು, ಹಾಗಾಗಿ ನಾನು ಮಾತು ನಿಲ್ಲಿಸುತ್ತಿರಲಿಲ್ಲ.

ನಮ್ಮ ಪ್ರಯೋಗಶಾಲೆಯ ಮುಖ್ಯಸ್ಥರು ಮರಾಠಿಯವರು, ಮಿತಭಾಷಿ. ಅವರ ತಲೆಯಲ್ಲಿ ಆಗ ಕೊರೆಯುತ್ತಿದ್ದದ್ದು ಹುಳಿ ಮಣ್ಣಿನ ಚಿಂತೆ. ಪುಣೆಯ ಸುತ್ತಿನ ಕರಿ ಮಣ್ಣಿಗೆ ಆ ಕಾಟವಿಲ್ಲ. ಆದರೆ ತಳೇಗಾಂವ ದಾಟಿ ಪಡುವಣಕ್ಕೆ ಹೋದಂತೆ ಮಳೆ ಜಾಸ್ತಿ, ಮಣ್ಣು ಕೆಂಪು, ಮಳೆ ಅದರ ಸುಣ್ಣದ ಅಂಶವನ್ನೆಲ್ಲ ತೊಳೆದು ಒಯ್ದಿರುತ್ತದೆ. ಆ ಮಣ್ಣು ಕಲಸಿದ ನೀರಿಗೆ ನೀಲಿ ಲಿಟ್ಮಸ್ ಕಾಗದ ಅದ್ದಿದರೆ ಕೆಂಪಾಗುತ್ತದೆ. ಅಲ್ಲಿ ಹುರುಳಿ ಹೇಗೋ ಬರುತ್ತದೆ, ಬಟಾಣಿ ಹಾಕಿದರೆ ಹಳದಿಯಾಗಿ ಸೊರಗುತ್ತದೆ. ಅದರ ಬ್ಯಾಕ್ಟೀರಿಯಾ ಆ ಹುಳಿಯಲ್ಲಿ ಬದುಕುವುದಿಲ್ಲ. ಹೊಲಕ್ಕೆಲ್ಲ ಗಾಡಿಗಟ್ಟಲೆ ಸುಣ್ಣ ಸುರಿಯುವುದು ಗುಡ್ಡದ ಜನರಿಂದ ಆಗುವ ಮಾತಲ್ಲ. ಹುಳಿಯನ್ನು ತಡೆದುಕೊಳ್ಳುವ ಗಟ್ಟಿ ಜಾತಿಯ ಬ್ಯಾಕ್ಟೀರಿಯಾ ಹುಡುಕಿದರೆ ಹೇಗೆ ಎಂದು ಮುಖ್ಯಸ್ಥರು ಕೇಳಿದರು. ಹುಡುಕಿದವನು ನಾನು. ಗುಡ್ಡದ ಬದಿಯಲ್ಲಿ ಬೆಳೆದ ಒಂದು ಸೊಟ್ಟ ಬಟಾಣಿ ಗಿಡದ ಬೇರಿನಿಂದ ತೆಗೆದು ಬೆಳೆಸಿದ ಆ ಬಾಟಲಿಯನ್ನು ನಾನು ಮನಸ್ಸಿನಲ್ಲೇ ‘ನನ್ನದು’ ಎಂದು ಕರೆಯುತ್ತಿದ್ದೆ. ಹೊಲದಲ್ಲಿ ಎರಡು ಹಂಗಾಮು ಬೆಳೆ ಬಂದರೆ ನನ್ನನ್ನು ಕಾಯಂ ಮಾಡಲು ಶಿಫಾರಸು ಮಾಡುವುದಾಗಿ ಮುಖ್ಯಸ್ಥರು ಹೇಳಿದರು. ಕಾಯಂ ಆದರೆ ಹೆಣ್ಣು ತೋರಿಸುವುದಾಗಿ ಮೌಶಿ ಹೇಳಿದಳು.

ತಳೇಗಾಂವದಲ್ಲಿ ರೈಲು ಇಳಿದು ಎರಡು ತಾಸು ನಡೆದರೆ ಸಿಗುವ ಒಂದು ಹಳ್ಳಿಯಲ್ಲಿ ಹೊಲ ಕೇಳಿದೆ. ನನ್ನ ಮುಖ, ಬಾಟಲಿ ಎರಡನ್ನೂ ನೋಡಿ ಯಾರೂ ಕೊಡಲಿಲ್ಲ. ಕೊಟ್ಟವಳು ಒಬ್ಬ ಹೆಂಗಸು, ನಲವತ್ತರ ಆಸುಪಾಸಿನವಳು. ಅವಳನ್ನು ನಾನು ಕಾಕೂ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆ, ಅವಳು ನನ್ನನ್ನು ಮಾಸ್ತರ ಎನ್ನುತ್ತಿದ್ದಳು. ಗಂಡ ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಮನೆಯ ಯಜಮಾನಿಕೆ ಗಂಡನ ಅಣ್ಣನದು. ಕೂಡು ಕುಟುಂಬ, ಕಾಕೂ ಒಂದು ಹಿಡಿ ಕಾಳು ತೆಗೆಯಬೇಕಾದರೂ ಓರಗಿತ್ತಿಯನ್ನು ಕೇಳಬೇಕು. ಇಳಿಜಾರಿನಲ್ಲಿ ಏನೂ ಬೆಳೆಯದೆ ಬಿದ್ದಿದ್ದ ಒಂದು ತುಂಡು ನೆಲವನ್ನು ಅವಳು ತನಗೆ ಕೊಡಿ ಎಂದು ಕೇಳಿದ್ದಳಂತೆ. ಭಾವ ನಕ್ಕು ಷರತ್ತು ಹಾಕಿದ್ದ: ಎರಡು ಹಂಗಾಮು ಸಾಲಾಗಿ ಬೆಳೆ ತೆಗೆದು ತೋರಿಸಿದರೆ ತುಂಡು ನಿನ್ನದು, ಒಂದು ತಪ್ಪಿದರೂ ಎಮ್ಮೆ ಮೇಯಿಸಲು ಬಿಡುತ್ತೇನೆ. ಹೀಗೆ ಅವಳಿಗೂ ಎರಡು ಹಂಗಾಮು, ನನಗೂ ಎರಡು ಹಂಗಾಮು. ನನ್ನದು ತಪ್ಪಿದರೆ ನನಗೆ ಇನ್ನೊಂದು ವರ್ಷ ಹಂಗಾಮಿ ಅನ್ನಿಸಿಕೊಳ್ಳುವ ಬೇಸರ, ಅಷ್ಟೇ. ಅವಳಿಗೆ ಇಡೀ ಜನ್ಮದಲ್ಲಿ ತನ್ನದು ಎನ್ನಲು ಸಿಗಬಹುದಾದ ನೆಲ ಅದೊಂದೇ.

ಮೊದಲ ಬಿತ್ತನೆ ದಸರೆಯ ಹೊತ್ತಿಗೆ. ಅವಳ ಮಾತು ಆ ಗುಡ್ಡಗಾಡಿನ, ಮಾವಳದ ಮರಾಠಿ, ನನ್ನ ಕಿವಿಗೆ ಅದು ನಮ್ಮ ಕಡೆಯ ಮಾತಿನ ಹಾಗೇ ಕೇಳುತ್ತಿತ್ತು, ಹಾಗೆಯೇ ಬರೆಯುತ್ತೇನೆ. ಕೆಲಸದ ಕ್ರಮ ಸರಳ. ಬೆಲ್ಲದ ನೀರಿನಲ್ಲಿ ಬಾಟಲಿಯ ಬ್ಯಾಕ್ಟೀರಿಯಾ ಕಲಸಿ, ಅದನ್ನು ಬಟಾಣಿ ಬೀಜಕ್ಕೆ ಹಚ್ಚಿ, ನೆರಳಲ್ಲಿ ಒಣಗಿಸಿ ಬಿತ್ತಬೇಕು. ಅರ್ಧ ತುಂಡಿಗೆ ಹಚ್ಚಿದ ಬೀಜ, ಇನ್ನರ್ಧಕ್ಕೆ ಬರೀ ಬೀಜ. ಆಗ ವ್ಯತ್ಯಾಸ ಗೊತ್ತಾಗುತ್ತದೆ. ನನ್ನ ಬ್ಯಾಕ್ಟೀರಿಯಾಗಳ ಮೇಲಿನ ಪ್ರೀತಿಗೆ ನಾನು ಬೆಲ್ಲವನ್ನು ಮೂರು ಪಟ್ಟು ಹಾಕಿದೆ. ಬೀಜವೆಲ್ಲ ಒಂದಕ್ಕೊಂದು ಅಂಟಿ ಚಿಕ್ಕಿಯಾಯಿತು. ಬಿಡಿಸಲು ಹೋದರೆ ಬೆರಳಿಗೆ ಅಂಟಿತು, ಬೆರಳಿನಿಂದ ಧೋತರಕ್ಕೆ ಅಂಟಿತು, ಇರುವೆಗಳು ಸಾಲುಗಟ್ಟಿದವು. ಕಾಕೂ ನೋಡುವಷ್ಟು ನೋಡಿದಳು.

“ಮಾಸ್ತರ, ನೀವು ದೂರದಿಂದ ನಡದು ಬಂದೀರಿ. ಭಾಕರಿ ತಿಂದು ಆ ಮಾವಿನ ಗಿಡದ ಕೆಳಗ ಒಂದೀಟು ಅಡ್ಡಾಗ್ರಿ. ನಾ ನೋಡ್ಕೋತೇನಿ.”

ನಾನು ಅಡ್ಡಾದೆ. ಅಡ್ಡಾದವನು ಗೊರಕೆ ಹೊಡೆದೆ. ಎದ್ದು ನೋಡಿದರೆ ಬೀಜಗಳು ಬಿಡಿಬಿಡಿಯಾಗಿ, ಬೆಳ್ಳಗೆ, ಮೊರದಲ್ಲಿ ಚೆಂದ ಕೂತಿದ್ದವು. ಬೆಲ್ಲ ಒಣಗಿ ಹೂ ಬಿಟ್ಟಿದೆ ಎಂದುಕೊಂಡು ಡೈರಿಯಲ್ಲಿ ‘ಲೇಪ ಉತ್ತಮವಾಗಿ ಒಣಗಿತು’ ಎಂದು ಬರೆದೆ.

ನಲವತ್ತು ದಿನ ಬಿಟ್ಟು ಹೋದಾಗ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಬರೀ ಬೀಜ ಬಿತ್ತಿದ ಅರ್ಧ ಕಾಮಾಲೆ ಹಿಡಿದ ಹಾಗೆ ಹಳದಿ. ನನ್ನ ಅರ್ಧ ಕಡು ಹಸಿರು. ಒಂದು ಗಿಡ ಕಿತ್ತು ಬೇರಿನ ಗಂಟು ಒಡೆದರೆ ಒಳಗೆ ನಸುಗೆಂಪು, ಅಂದರೆ ಬ್ಯಾಕ್ಟೀರಿಯಾ ಜೀವಂತವಾಗಿ ಕೆಲಸ ಮಾಡುತ್ತಿದೆ. ನಾನು ಹೊಲದಲ್ಲೇ ಕುಣಿದೆ. ಕಾಕೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಆಮೇಲೆ ಆ ನೆಲಕ್ಕೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡಳು. ಅವಳ ಒಂದು ಹಂಗಾಮು ಗೆದ್ದಿತ್ತು.

ಅಷ್ಟಕ್ಕೇ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ನನಗೆ ಕೋಡು ಮೂಡಿತು. ಚಾವಡಿಯಲ್ಲಿ ಊರಿನ ಗಂಡಸರನ್ನು ಸೇರಿಸಿ ಬೇರು ಸಮೇತ ಗಿಡ ಎತ್ತಿ ಹಿಡಿದು ಭಾಷಣ ಮಾಡಿದೆ. ಎದುರಿಗೇ ಕಾಕೂನ ಭಾವ ಕೂತಿದ್ದ. “ಇದು ಶಾಸ್ತ್ರ. ಇದು ತಪ್ಪುವ ಮಾತೇ ಇಲ್ಲ. ಎಲ್ಲಾದರೂ ತಪ್ಪಿದರೆ ದೋಷ ಬಾಟಲಿಯದಲ್ಲ, ಬಿತ್ತಿದವರ ಕೈಯದು” ಎಂದೆ. ಯಾರೋ ಒಬ್ಬರು ತಲೆದೂಗಿದರು. ಆ ತಲೆದೂಗುವಿಕೆಯ ಸುಖದಲ್ಲಿ ನಾನು ತಳೇಗಾಂವದವರೆಗೆ ನಡೆದದ್ದೇ ಗೊತ್ತಾಗಲಿಲ್ಲ.

ಮರುವರ್ಷದ ಹೊತ್ತಿಗೆ ರೈತರಿಗೆ ಹಂಚಲು ನಾನೇ ಮರಾಠಿಯಲ್ಲಿ ಒಂದು ಸೂಚನೆ ಬರೆದಿದ್ದೆ. ಅದರ ಕೊನೆಯ ಸಾಲು: ‘ಲೇಪ ಹಚ್ಚಿದ ಬೀಜಕ್ಕೆ ಬೇರೆ ಯಾವ ವಸ್ತುವನ್ನೂ ಸೋಕಿಸಕೂಡದು.’ ಮೌಶಿಯ ಮಡಿಯನ್ನು ಕಂಡು ನಗುತ್ತಿದ್ದವನು ಬಟಾಣಿ ಬೀಜಕ್ಕೆ ಅದಕ್ಕಿಂತ ಕಟ್ಟುನಿಟ್ಟಿನ ಮಡಿ ಉಡಿಸಿದ್ದೆ. ಈ ಸಲ ಇಡೀ ತುಂಡಿಗೆ ಹಚ್ಚಿದ ಬೀಜವೇ. ಬೆಲ್ಲ ಅಳೆದು ಹಾಕಿದೆ, ಬೀಜ ಅಷ್ಟೇನೂ ಅಂಟಲಿಲ್ಲ. ಮಲಗಲೂ ಇಲ್ಲ; ಹೆಸರು ಮಾಡಿದ ಮನುಷ್ಯ ಹೊಲದಲ್ಲಿ ಮಲಗಬಾರದು ಎಂಬ ಅರಿವು ಬಂದಿತ್ತು. ಕಾಕೂ ಒಂದು ತಗಡಿನ ಡಬ್ಬಿ ಹಿಡಿದು ಬಂದಳು. ಒಳಗೆ ರಂಗೋಲಿ ಪುಡಿ.

“ಇದೇನು ಕಾಕೂ?”

“ಬೀಜಕ್ಕ ಹಚ್ಚೂದ್ರಿ. ಹೋದ ವರ್ಷಾನೂ ಹಚ್ಚಿದ್ದೆ. ಉಂಡಿಗೆ ಹಿಟ್ಟು ಸವರಿದಂಗ ಸವರಿದ್ರ ಅಂಟೂದಿಲ್ಲ.”

ಇಲ್ಲಿ ನಾನು ಕಿವಿ ತೆರೆಯಬೇಕಿತ್ತು. ‘ಹೋದ ವರ್ಷಾನೂ ಹಚ್ಚಿದ್ದೆ’ ಎಂದು ಅವಳು ಸ್ಪಷ್ಟವಾಗಿ ಹೇಳಿದ್ದಳು. ನಾನು ನಕ್ಕುಬಿಟ್ಟೆ. “ಬೀಜಕ್ಕ ಹಬ್ಬಾ ಮಾಡ್ತೀರೇನು? ರಂಗೋಲಿ ಬಾಗಲಾಗ ಹಾಕ್ರಿ, ಹೊಲದಾಗ ಶಾಸ್ತ್ರ ಇರಲಿ” ಎಂದೆ. ಸೂಚನೆಯ ಕೊನೆಯ ಸಾಲನ್ನು ಅವಳಿಗೆ ಓದಿ ಹೇಳಿದೆ. ಅವಳು ಡಬ್ಬಿಯ ಮುಚ್ಚಳ ಹಾಕಿದಳು.

ನಲವತ್ತು ದಿನಕ್ಕೆ ಹೋದೆ. ಬೆಟ್ಟದ ತಿರುವಿನಿಂದಲೇ ಹಳದಿ ಕಂಡಿತು. ಹತ್ತು ಗಿಡ ಕಿತ್ತೆ, ಇಪ್ಪತ್ತು ಕಿತ್ತೆ. ಬೇರುಗಳು ಬೋಳು, ಒಂದು ಗಂಟೂ ಇಲ್ಲ. ಆಗ ನಾನು ಕೇಳಿದ ಪ್ರಶ್ನೆಗಳನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ತಡವಾಗಿ ಬಿತ್ತಿದಿರಾ? ಬೀಜ ಬಿಸಿಲಿಗೆ ಇಟ್ಟಿರಾ? ಕಾಕೂ ಇಲ್ಲ, ಇಲ್ಲ ಎಂದು ತಲೆಯಾಡಿಸಿದಳು. ಬಿತ್ತುವಾಗ ನಾನೇ ಪಕ್ಕದಲ್ಲಿ ನಿಂತಿದ್ದೆ ಎಂಬುದನ್ನು ಅವಳೂ ಹೇಳಲಿಲ್ಲ, ನಾನೂ ನೆನಪಿಸಿಕೊಳ್ಳಲಿಲ್ಲ.

ಮನೆಗೆ ಬಂದು ಮುಖ ಗಂಟಿಕ್ಕಿಕೊಂಡು ಕೂತೆ. ಮೌಶಿಗೆ ಕಾರಣ ತಕ್ಷಣ ಹೊಳೆಯಿತು.

“ಹೋದ ವರ್ಷ ಅಷ್ಟು ಕುಣದಾಡಿದಿ. ದೃಷ್ಟಿ ಆಗೇದ. ಬಾಗಲಾಗ ನಿಂದ್ರು.”

ನಾನು ಬೇಡವೆಂದೆ, ಶಾಸ್ತ್ರ ಓದಿದವನೆಂದೆ, ಕೊನೆಗೆ ಹೋಗಿ ನಿಂತೆ. ಅವಳು ನಿಂಬೆಹಣ್ಣನ್ನು ನನ್ನ ಸುತ್ತ ನಿವಾಳಿಸಿ, ಹೊಸ್ತಿಲ ಮೇಲಿಟ್ಟು ಈಳಿಗೆಯಿಂದ ಸೀಳಿ, ಎರಡು ಹೋಳನ್ನೂ ಹೊರಗೆ ಹಿಂಡಿ ಆಚೀಚೆ ಎಸೆದಳು. ರಸ ಬೆಳಗಿನ ರಂಗೋಲಿಯ ಮೇಲೆ ಬಿತ್ತು. ನಾನು ತಲೆ ತಗ್ಗಿಸಿ ನಿಂತಿದ್ದೆನಲ್ಲ, ನೇರ ಅದನ್ನೇ ನೋಡುತ್ತಿದ್ದೆ. ರಂಗೋಲಿ ಸಣ್ಣಗೆ ನೊರೆಯೆದ್ದು ಚುರುಗುಟ್ಟಿತು.

ಹುಳಿಯನ್ನು ಕಂಡು ಹೀಗೆ ನೊರೆಯೇಳುವುದು ಸುಣ್ಣದ ಕಲ್ಲು. ಪುಣೆಯ ಬೀದಿಯಲ್ಲಿ ಗಾಡಿಯ ಮೇಲೆ ಮಾರುವ ರಂಗೋಲಿ ಆ ಕಲ್ಲನ್ನೇ ಬೀಸಿದ ಪುಡಿ, ತಳೇಗಾಂವದ ಸಂತೆಯಲ್ಲಿ ಸಿಗುವುದೂ ಅದೇ. ದಿನಾ ಬೆಳಿಗ್ಗೆ ಅದನ್ನು ದಾಟಿಕೊಂಡು ಹುಳಿ ಮಣ್ಣಿಗೆ ಮದ್ದು ಹುಡುಕಲು ಹೋಗುತ್ತಿದ್ದೆ. ಹೋದ ವರ್ಷ ಕಾಕೂ ನನ್ನ ಚಿಕ್ಕಿಯನ್ನು ಬಿಡಿಸಲು ಹಚ್ಚಿದ ಪುಡಿ, ಒಂದೊಂದು ಬೀಜದ ಸುತ್ತಲೂ ಹುಳಿಯಿಲ್ಲದ ಒಂದು ಚೂರು ಜಾಗ ಮಾಡಿಕೊಟ್ಟಿತ್ತು. ಬೇರು ಬಿಡುವವರೆಗೆ ಬ್ಯಾಕ್ಟೀರಿಯಾ ಅದರಲ್ಲಿ ಬದುಕಿತ್ತು. ಹೊಲಕ್ಕೆ ಗಾಡಿ ಸುಣ್ಣ ಬೇಕಿರಲಿಲ್ಲ, ಒಂದು ಡಬ್ಬಿ ಸಾಕಿತ್ತು. ನನ್ನ ‘ಗಟ್ಟಿ ಜಾತಿ’ ಒಂದು ನಿಂಬೆಹಣ್ಣಿನಷ್ಟೂ ಗಟ್ಟಿಯಿರಲಿಲ್ಲ. ನಾನು ಹೊಸ್ತಿಲ ಮೇಲೇ ಕುಸಿದು ಕೂತೆ. ಮೌಶಿ ದೃಷ್ಟಿ ಇಳಿಯಿತು ಎಂದು ಸಮಾಧಾನಪಟ್ಟಳು.

ಮರುದಿನದ ರೈಲಿಗೇ ಹೊರಟೆ. ಖಡಕಿ ದಾಟುವವರೆಗೆ ಕ್ಷಮೆ ಕೇಳುವ ಮಾತುಗಳನ್ನು ಮರಾಠಿಯಲ್ಲಿ ಉರು ಹೊಡೆದೆ. ಕಾಕೂ ಎದುರು ನಿಂತಾಗ ಅವೆಲ್ಲ ಹಾರಿಹೋದವು. “ಕಾಕೂ, ತಪ್ಪು ನಂದು. ಆ ಪುಡಿ ಹಚ್ಚಬೇಕಿತ್ತು” ಎಂದಷ್ಟೇ ಹೇಳಿದೆ. ಅವಳು ನನ್ನನ್ನು ಹೊಲದ ಆ ಕೊನೆಗೆ, ಬಾರೆ ಹಣ್ಣಿನ ಗಿಡಗಳ ಮರೆಗೆ ಕರೆದೊಯ್ದಳು. ಅಲ್ಲಿ ಒಂದೇ ಒಂದು ಸಾಲು ಬಟಾಣಿ, ಕಡು ಹಸಿರು.

“ಒಂದು ಹಿಡಿ ಬೀಜಕ್ಕ ಹಚ್ಚಿದ್ದೆರಿ,” ಎಂದಳು. “ನಿಮಗ ಕಂಡ್ರ ಬ್ಯಾಸರಾದೀತು ಅಂತ ಈ ಕಡೆ ಹಾಕಿದೆ.”

“ಎಲ್ಲಾ ಬೀಜಕ್ಕೂ ಯಾಕ ಹಚ್ಚಲಿಲ್ಲ ನೀವು?”

“ನೀವು ಓದಿದವ್ರು. ಬ್ಯಾಡಂದ್ರಿ. ಬಿಟ್ಟೆ.”

ನನಗೆ ಅಳು ಬಂತು. ನನ್ನ ಮರ್ಯಾದೆ ಉಳಿಸಲು ಅವಳು ತನ್ನ ಹೊಲವನ್ನೇ ಪಣಕ್ಕೆ ಒಡ್ಡಿದ್ದಳು, ಆ ಮರ್ಯಾದೆಗೆ ಅಷ್ಟು ಬೆಲೆಯೇ ಇರಲಿಲ್ಲ. ಭಾವ ಆಗಲೇ ಹೇಳಿಬಿಟ್ಟಿದ್ದನಂತೆ: ಹಂಗಾಮು ತಪ್ಪಿತು, ಸಂಕ್ರಾಂತಿ ಮುಗಿದ ಮೇಲೆ ಅಲ್ಲಿ ಎಮ್ಮೆ ಬಿಡುತ್ತೇನೆ.

ಅವನ ಹತ್ತಿರ ಹೋಗಿ, ತಪ್ಪು ಅವಳದಲ್ಲ ಎಂದೆ. ಅವನು ಎಲೆ ಅಡಿಕೆ ಮೆಲ್ಲುತ್ತ ಶಾಂತವಾಗಿ ಉತ್ತರ ಕೊಟ್ಟ.

“ಮಾಸ್ತರ, ಹೋದ ವರ್ಷ ಚಾವಡಿಯೊಳಗ ನೀವ ಅಂದ್ರಿ. ತಪ್ಪಿದ್ರ ಬಿತ್ತಿದವರ ಕೈ ದೋಷ ಅಂತ. ಊರ ಮಂದಿ ಎಲ್ಲಾ ಕೇಳ್ಯಾರ.”

ನನ್ನ ಭಾಷಣವನ್ನು ಅಷ್ಟು ಚೆನ್ನಾಗಿ ನೆನಪಿಟ್ಟುಕೊಂಡವರು ಮುಂದೆ ಯಾರೂ ಸಿಗಲಿಲ್ಲ. ಅದು ಸುಳ್ಳಾಗಿತ್ತು ಎಂದೆ. “ಹಂಗಾದ್ರ ಬರದು ಕೊಡ್ರಿ,” ಎಂದ. “ನಿಮ್ಮ ದೊಡ್ಡ ಸಾಹೇಬರ ಸಹಿ, ಕಚೇರಿ ಶಿಕ್ಕಾ ಎರಡೂ ಇರಲಿ. ಚಾವಡಿಯೊಳಗ ನೀವ ಓದ್ರಿ. ಆವಾಗ ಇನ್ನೊಂದು ಹಂಗಾಮು ಕೊಡ್ತೇನಿ.”

ಮುಖ್ಯಸ್ಥರ ಕೋಣೆಯ ಹೊರಗೆ ಆ ಕಾಗದ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. ಹೊಟ್ಟೆನೋವೆಂದು ರಜೆ ಹಾಕಿ ಊರಿಗೆ ಹೋಗಿಬಿಡಲೇ ಎಂದೂ ಯೋಚಿಸಿದೆ. ‘ಮೊದಲ ವರ್ಷದ ಬೆಳೆ ಬಂದದ್ದು ಈ ಹೆಣ್ಣುಮಗಳು ಬೀಜಕ್ಕೆ ಹಚ್ಚಿದ ಪುಡಿಯಿಂದ; ಎರಡನೇ ವರ್ಷದ ಬೆಳೆ ಹಾಳಾದದ್ದು ಅದನ್ನು ನಾನು ಹಚ್ಚಗೊಡದೆ ಇದ್ದುದರಿಂದ’ ಎಂದು ಕಾಗದದಲ್ಲಿತ್ತು. ಬಾರೆ ಗಿಡದ ಮರೆಯ ಆ ಸಾಲು ಕಣ್ಣ ಮುಂದೆ ಬಂತು. ಒಳಗೆ ಹೋದೆ. ಅವರು ಎರಡು ಸಲ ಓದಿದರು.

“ಮೊದಲ ವರ್ಷ ಬೀಜ ಬೆಳ್ಳಗಿದ್ದದ್ದು ನಿಮಗೆ ಕಾಣಲಿಲ್ಲವೇ?”

“ಕಂಡಿತ್ತು ಸಾಹೇಬರೇ.”

“ಏನೆಂದುಕೊಂಡಿರಿ?”

“ಬೆಲ್ಲ ಒಣಗಿದೆ ಎಂದುಕೊಂಡೆ.”

“ಬೆಲ್ಲ ಒಣಗಿದರೆ ಬೆಳ್ಳಗಾಗುತ್ತದೆಯೇ?”

ಅವರು ಸಹಿ ಮಾಡಿದರು, ಶಿಕ್ಕಾ ಒತ್ತಿಸಿದರು, ನನ್ನ ಶಿಫಾರಸಿನ ಕಾಗದವನ್ನು ಕಪಾಟಿನಲ್ಲಿ ತೆಗೆದಿಟ್ಟರು. ಅದನ್ನು ಹೊರಗೆ ತೆಗೆಯಲು ಅವರಿಗೆ ಮತ್ತೆ ಎರಡು ವರ್ಷ ಬೇಕಾಯಿತು. ಚಾವಡಿಯಲ್ಲಿ ನಿಂತು ಒಂದಕ್ಷರ ಬಿಡದೆ ಓದಿದೆ. ಹೋದ ವರ್ಷ ತಲೆದೂಗಿದ್ದ ಮನುಷ್ಯ ಅವತ್ತೂ ತಲೆದೂಗಿದ. ಅದು ಅವನ ಅಭ್ಯಾಸವೆಂದು ಆಗ ಗೊತ್ತಾಯಿತು. ಕಾಕೂ ಹೆಂಗಸರ ನಡುವೆ ಗೋಡೆಗೆ ಒರಗಿ ನಿಂತು ಕೇಳುತ್ತಿದ್ದಳು. ಭಾವ ಕಾಗದ ತೆಗೆದುಕೊಂಡು, ಮಡಚಿ, ತಲೆಯ ಪಾಗೋಟೆಯ ಸುತ್ತಿನಲ್ಲಿ ಸಿಕ್ಕಿಸಿಕೊಂಡ.

ಮುಂದಿನ ದಸರೆಗೆ ಬಾಟಲಿ, ಬೆಲ್ಲ, ಜೊತೆಗೆ ಪುಣೆಯಿಂದ ಒಂದು ಚೀಲ ಒಳ್ಳೆಯ ರಂಗೋಲಿ ಪುಡಿ ಹೊತ್ತುಕೊಂಡು ಹೋದೆ. ಕಾಕೂ ಪುಡಿಯನ್ನು ಬೆರಳಲ್ಲಿ ಹೊಸಕಿ ನೋಡಿ, ನುಣುಪಾಗಿದೆ ಎಂದಳು. ನಾನು ಅಂಗಿಯ ತೋಳು ಮಡಚಿ, ಮೊರ ಹಿಡಿದು ಬೀಜದ ಮುಂದೆ ಕೂತೆ. ಎಷ್ಟು ಬೆಲ್ಲ, ಎಷ್ಟು ಪುಡಿ, ಎಷ್ಟು ಹೊತ್ತು ಎಂದು ಬರೆದುಕೊಳ್ಳಲು ಡೈರಿಯನ್ನೂ ತೆರೆದಿಟ್ಟಿದ್ದೆ. ಅವಳು ನನ್ನ ಕೈಯಿಂದ ಮೊರವನ್ನು ಮೆಲ್ಲಗೆ ತೆಗೆದುಕೊಂಡಳು.

“ಮಾಸ್ತರ, ನಿಮ್ಮ ಮ್ಯಾಲ ಸಿಟ್ಟಿಲ್ರಿ ನನಗ. ಆದ್ರ ನೀವು ಮಲಗಿದ ವರ್ಷ ಬೆಳಿ ಬಂತು, ಎದ್ದು ಕೂತ ವರ್ಷ ಹೋತು. ಆ ಮಾವಿನ ಗಿಡದ ಕೆಳಗ ಹೋಗಿ ಮಲಗ್ರಿ.”

ಹೋಗಿ ಮಲಗಿದೆ. ನಿದ್ದೆ ಬರಲಿಲ್ಲ, ಆದರೆ ಅವಳು ಇಡೀ ತುಂಡು ಬಿತ್ತಿ ಮುಗಿಸುವವರೆಗೆ ಕಣ್ಣು ತೆರೆಯಲಿಲ್ಲ.